ವಾಪಸ್ ತೊಟ್ಟಿ

ನವೆಂಬರ್ 12, ಸೋಮವಾರ

ಪ್ರೀತಿಯ ಅಣ್ಣನಿಗೆ,

ನಿನ್ನ ಮೂರು ಕಾಗದಗಳೂ ತಲುಪಿವೆ. ಮೂರಕ್ಕೂ ಸೇರಿಸಿ ಈ ಒಂದೇ ಉತ್ತರ. ತಡಮಾಡಿದ್ದಕ್ಕೆ ಬೈಯಬೇಕೆಂದರೆ ಬೈದುಕೋ, ಆದರೆ ಕೊನೆಯವರೆಗೆ ಓದಿ ಆಮೇಲೆ ಬೈಯಿ. ನಾವಿಲ್ಲಿ ಕ್ಷೇಮ ಎಂದು ಶುರುಮಾಡಿದರೆ ಮೊದಲ ಸಾಲೇ ಸುಳ್ಳಾಗುತ್ತದೆ. ಅಪ್ಪನಿಗೆ ಜ್ವರವಿಲ್ಲ, ನೋವಿಲ್ಲ, ನನಗೂ ಇಲ್ಲ. ಅಷ್ಟು ಮಾತ್ರ ಹೇಳಬಲ್ಲೆ. ಅತ್ತಿಗೆಗೆ ಏಳು ತುಂಬಿತೆಂದು ಬರೆದಿದ್ದೆಯಲ್ಲ, ನಿನ್ನ ವೆಲ್ಡಿಂಗ್ ಶೆಡ್ಡಿನ ಬಟ್ಟೆಗಳನ್ನು ಇನ್ನಾದರೂ ನೀನೇ ಒಗೆದುಕೋ. ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ಅಪ್ಪ ಪಕ್ಕದಲ್ಲಿ ಕೂತು ಕಿವಿಗೊಟ್ಟಿದ್ದ. ನಮ್ಮ ಮನೆಯೂ ಅಂಗಡಿಯೂ ಒಂದೇ ಬಾಗಿಲಿನವು, ಗುಟ್ಟು ಹೇಳಲು ಜಾಗವೆಲ್ಲಿದೆ? ಅದಕ್ಕೇ ಕಾಗದ. ಓದು ಬಾರದ ಅಪ್ಪನಿಗೆ ನಿಲುಕದ್ದು ಇದೊಂದೇ.

ಅಂಗಡಿ ಹೇಗಿದೆ ಎಂದು ಕೇಳಿದ್ದೀ. ಮುಂದಿನ ಗೋಡೆಯ ಹದಿನಾರು ಗಾಜಿನ ತೊಟ್ಟಿಗಳಲ್ಲಿ ಒಂಬತ್ತು ಖಾಲಿ. ಏಳರಲ್ಲಿ ಮೀನುಗಳಿವೆ. ಖಾಲಿ ತೊಟ್ಟಿಗಳ ಗಾಳಿ ಪಂಪುಗಳನ್ನು ಅಪ್ಪ ನಿಲ್ಲಿಸಗೊಡುವುದಿಲ್ಲ. ಬರೀ ನೀರಿನಲ್ಲಿ ದಿನವಿಡೀ ಗುಳ್ಳೆ ಏಳುತ್ತಿರುತ್ತವೆ. ಮಗುವಿನ ಅಂಗೈಯಲ್ಲಿ ಹಿಡಿಯುವ ಆ ಆಮೆಮರಿಗಳು, ಕಣ್ಣಿನ ಹಿಂದೆ ಯಾರೋ ಕುಂಚದಲ್ಲಿ ಎಳೆದಂಥ ಕೆಂಪು ಗೆರೆಯವು, ಅವುಗಳಿಂದಲೇ ನಾವಿಬ್ಬರೂ ಉಂಡು ಬೆಳೆದದ್ದು. ಅವು ಹೋದದ್ದಕ್ಕೆ ನನಗೆ ದುಃಖವಿಲ್ಲ. ಇದನ್ನು ನಿನಗೆ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಾನು ಬಣ್ಣ ಬದಲಿಸಿದೆ ಅನ್ನಬೇಡ.

ಹೊಸ ಕಾಯ್ದೆ ಸರಿಯಾಗಿಯೇ ಇದೆ. ಕೆಂಪುಗೆರೆ ಆಮೆಯನ್ನು ಇನ್ನು ಯಾರೂ ತರಿಸಬಾರದು, ಮಾರಬಾರದು, ಮರಿ ಮಾಡಿಸಬಾರದು, ಬೇರೆಯವರಿಂದ ತೆಗೆದುಕೊಳ್ಳಬಾರದು, ನೀರಿಗೆ ಬಿಡಬಾರದು. ಅದು ಈ ನೆಲದ್ದಲ್ಲ, ಸಮುದ್ರದಾಚೆಯಿಂದ ಪೆಟ್ಟಿಗೆಯಲ್ಲಿ ಬಂದದ್ದು. ಅಂಗೈಯಗಲ ಇದ್ದದ್ದು ಐದಾರು ವರ್ಷಕ್ಕೆ ಊಟದ ತಟ್ಟೆಯಗಲ ಆಗುತ್ತದೆ, ಮನೆಯವರಿಗೆ ಬೇಸರ ಬರುತ್ತದೆ, ಕೆರೆಗೆ ಎಸೆಯುತ್ತಾರೆ. ಹೋದ ವರ್ಷ ಕೆರೆಯ ಆಚೆ ದಡದಲ್ಲಿ ಒಂದೇ ದಿಮ್ಮಿಯ ಮೇಲೆ ಬಿಸಿಲು ಕಾಯಿಸುತ್ತಿದ್ದ ಮೂವತ್ತೆಂಟು ತಲೆ ಎಣಿಸಿದೆ. ಅಷ್ಟಕ್ಕೂ ಕೆಂಪು ಗೆರೆ. ನಾವು ಚಿಕ್ಕವರಿದ್ದಾಗ ಕಲ್ಲಿನ ಮೇಲಿಂದ ಪುಳಕ್ಕೆಂದು ನೀರಿಗೆ ಬೀಳುತ್ತಿದ್ದ ನಮ್ಮ ಕಪ್ಪು ಆಮೆ ಒಂದೂ ಕಾಣಲಿಲ್ಲ. ಬಿಸಿಲಿಗೆ ಕೂರಲು ಜಾಗವಿಲ್ಲದೆ ಒಂದು ಜೀವ ನಾಶವಾಗುತ್ತದೆ ಅಂದರೆ ನಿನಗೆ ನಗು ಬರಬಹುದು. ನನಗೆ ಬರುವುದಿಲ್ಲ.

ನಾನು ಹೀಗಾದದ್ದಕ್ಕೆ ಅಪ್ಪನೇ ಕಾರಣ. ಎಂಟನೆಯದಕ್ಕೆ ಶಾಲೆ ಬಿಟ್ಟವಳಿಗೆ ಬೇರೆ ಏನು ಸಿಕ್ಕೀತು? ಆಮೆಗೆ ಹಾಕುವ ಒಣಸಿಗಡಿಯ ಪೊಟ್ಟಣ ಕಟ್ಟಲು ಅವನು ತರುತ್ತಿದ್ದ ರದ್ದಿಯಲ್ಲಿ ಸಂಘಗಳ ಕರಪತ್ರ, ಚಳವಳಿಯವರ ಕಿರುಹೊತ್ತಿಗೆ, ಅರ್ಧ ಹರಿದ ಭಾಷಣಗಳು ಬರುತ್ತಿದ್ದವು. ಕಟ್ಟುವುದಕ್ಕೆ ಮುಂಚೆ ಓದುತ್ತಿದ್ದೆ. ಎಷ್ಟೋ ವಾದಗಳ ಮೊದಲ ಪುಟ ನನಗೆ ಬಾಯಿಪಾಠ, ಕೊನೆಯ ಪುಟ ಯಾರದೋ ಮನೆಗೆ ಸಿಗಡಿಯ ಜೊತೆ ಹೋಗಿದೆ. ಕೆರೆ ಉಳಿಸಲು ಹೊರಟ ಮೇಷ್ಟ್ರ ಸಮಿತಿಗೆ ಸೇರಿದ ಮೇಲೆ ನಾನೇ ಬರೆಯತೊಡಗಿದೆ. 'ಕರಪತ್ರ' ಎಂದು ನೀನಿಟ್ಟ ಅಡ್ಡಹೆಸರೂ ಗಟ್ಟಿಯಾಯಿತು. ಅಪ್ಪ ಗಿರಾಕಿಗಳ ಮುಂದೆ ನನ್ನನ್ನು ತೋರಿಸಿ, ಇವಳು ನಮ್ಮನೆ ಸರ್ಕಾರ, ನನ್ನ ಅಂಗಡಿ ಮುಚ್ಚಿಸೋಕೆ ನನ್ನ ಅಂಗಡೀಲೇ ಕೂತು ಬರೀತಾಳೆ ಎಂದು ನಗುತ್ತಿದ್ದ. ಮಾರಾಟ ನಿಲ್ಲಿಸಲು ಅವನು ತಕರಾರು ಮಾಡಲೇ ಇಲ್ಲ, ಅಣ್ಣ. ಆಯ್ತು, ಮೀನು ಮಾರೋಣ ಅಂದ. ಅವನಿಗೆ ಇದ್ದದ್ದು ಒಂದೇ ಚಿಂತೆ, ಹಿತ್ತಿಲಿನ ತೊಟ್ಟಿ.

ವಾಪಸ್ ತೊಟ್ಟಿ ನೀನು ಹೋಗುವಾಗ ಇದ್ದುದಕ್ಕಿಂತ ದೊಡ್ಡದಾಗಿತ್ತು. ಸಿಮೆಂಟಿನ ಗೋಡೆ ಎರಡಡಿ ಏರಿಸಿ, ನಡುವೆ ಇಟ್ಟಿಗೆಯ ದಿಬ್ಬ ಕಟ್ಟಿಸಿದ್ದ. ತನ್ನ ಅಂಗಡಿಯಿಂದ ಹೋದ ಆಮೆ ಯಾವಾಗ ಬೇಡವಾದರೂ ತಂದುಬಿಡಿ, ಕೆರೆಗೆ ಹಾಕಬೇಡಿ ಎಂದು ಮಾರುವಾಗಲೇ ಹೇಳುವುದು ಅವನ ಪದ್ಧತಿ. ತಂದದ್ದನ್ನು ಮತ್ತೆ ಮಾರುತ್ತಿರಲಿಲ್ಲ. ಒಂದು ಮನೆ ಬೇಡ ಅಂದ ಮೇಲೆ ಇನ್ನೊಂದು ಮನೆಗೆ ದಾಟಿಸಬಾರದು ಎನ್ನುವುದು ಅವನ ಕಾಯ್ದೆ. ಯಾವ ಕರಪತ್ರದಲ್ಲೂ ಓದಿದ್ದಲ್ಲ. ನಲವತ್ತಮೂರು ಇದ್ದವು. ತಂದುಬಿಟ್ಟವರ ಕತೆಯೇ ಅವುಗಳ ಹೆಸರು: ಬಾಡಿಗೆ ಮನೆಯವರದು, ಅತ್ತೆಗೆ ಆಗದ್ದು, ಪರೀಕ್ಷೆ ಹುಡುಗಿಯದು, ಎರಡನೇ ಮದುವೆಯವನದು. ಭಾನುವಾರ ಕೆಲವರು ನೋಡಿಕೊಂಡು ಹೋಗಲು ಬರುತ್ತಿದ್ದರು. ಹಾಸ್ಟೆಲಿಗೆ ಬಿಟ್ಟ ಮಕ್ಕಳನ್ನು ನೋಡಲು ಬಂದ ಹಾಗೆ ಗೋಡೆಗೆ ಒರಗಿ ನಿಂತು, ಬೆಳೆದಿದೆ ಅಲ್ವಾ ಎಂದು ಅಪ್ಪನನ್ನು ಕೇಳುತ್ತಿದ್ದರು.

ಇನ್ಸ್‌ಪೆಕ್ಟರ್ ಮೇಡಂ, ಕಾಯ್ದೆ ಜಾರಿ ಮಾಡುವ ಇಲಾಖೆಯವರು, ಆಗಸ್ಟಿನಲ್ಲಿ ಬಂದರು. ನೀನು ಕಾಗದದಲ್ಲಿ 'ಆ ರಾಕ್ಷಸಿ' ಎಂದು ಬರೆದಿದ್ದೀಯಲ್ಲ, ಅವರೇ. ನನಗಿಂತ ಐದಾರು ವರ್ಷ ದೊಡ್ಡವರಿರಬಹುದು. ಪ್ಯಾಂಟನ್ನು ಮಡಚಿ ತೊಟ್ಟಿಯೊಳಗೇ ಇಳಿದು ಎಣಿಸಿದರು. ಎರಡನೇ ಮದುವೆಯವನದು ಅವರ ಕಾಲುಬೆರಳನ್ನು ಕಚ್ಚಿತು. ಅವರೇ ನಕ್ಕರು. ಆಮೇಲೆ ಫಾರಂ ಕೊಟ್ಟು ವಿವರಿಸಿದರು. ಅದರಲ್ಲಿ ಒಂದರ ಕೆಳಗೆ ಒಂದು ಎರಡು ಚೌಕಗಳಿದ್ದವು. ಮೇಲಿನದು ಮನೆಯಲ್ಲಿ ಸಾಕಿದ್ದು; ಅದಕ್ಕೆ ಗುರುತು ಹಾಕಿದರೆ ಆಮೆಗಳಿಗೆ ನಂಬರು ಹಾಕಿ ಬಿಟ್ಟುಹೋಗುತ್ತಾರೆ, ಸಾಯುವವರೆಗೆ ಇಟ್ಟುಕೊಳ್ಳಬಹುದು. ಕೆಳಗಿನದು ಮಾರಾಟದ ದಾಸ್ತಾನು. ಅದಕ್ಕೆ ಹಾಕಿದರೆ ಇಲಾಖೆ ಒಯ್ಯುತ್ತದೆ. ಹಿತ್ತಿಲಿನವು ಯಾವುದು ಎಂದು ಅಪ್ಪ ಕೇಳಿದ. ಮೇಡಂ ಉತ್ತರ ಕೊಟ್ಟದ್ದು ಅವನಿಗೆ, ನೋಡಿದ್ದು ನನ್ನನ್ನು.

"ಆಮೆ ಮುಖ ನೋಡಿ ಇದು ಸಾಕಿದ್ದು, ಇದು ಮಾರೋಕೆ ಇಟ್ಟಿದ್ದು ಅಂತ ಹೇಳೋಕೆ ನನಗೆ ಬರಲ್ಲ. ನೀವು ಫಾರಮ್ಮಲ್ಲಿ ಏನು ಹೇಳ್ತೀರೋ ಅದೇ ನನಗೆ ಸತ್ಯ. ನಿಧಾನವಾಗಿ ಯೋಚನೆ ಮಾಡಿ ತುಂಬಿಸಿ."

ಅದೇ ವಾರ ಸಮಿತಿಯ ಸಭೆಯಿತ್ತು. ಅಂಗಡಿಯವರೆಲ್ಲ ದಾಸ್ತಾನನ್ನು ಸಾಕಿದ್ದು ಎಂದು ಬರೆದು ಕಾಯ್ದೆಯ ಕಣ್ಣಿಗೆ ಮಣ್ಣೆರಚುತ್ತಿದ್ದಾರೆ, ಅಂಥವರ ಹೆಸರನ್ನು ಗೋಡೆಗೆ ಅಂಟಿಸಬೇಕು ಎಂದು ಮಾತಾಡಿದ್ದು ನಾನೇ. ಹಿಂದಿನ ಬೆಂಚಿನಿಂದ ಮಾರ್ಕೆಟ್ ರಸ್ತೆಯ ಮೀನಂಗಡಿಯವನು ಎದ್ದು, ನಿಮ್ಮಪ್ಪನ ಫಾರಂ ಯಾರಮ್ಮ ತುಂಬೋದು, ನೀನೇ ಅಲ್ವಾ, ಅದನ್ನೂ ಅಂಟಿಸು ನೋಡೋಣ ಅಂದ. ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ, ನನ್ನ ಉತ್ತರಕ್ಕೆ ಕಾದರು. ನಮ್ಮ ಫಾರಮ್ಮಿನಲ್ಲಿ ಇದ್ದದ್ದು ಇದ್ದ ಹಾಗೇ ಇರುತ್ತದೆ ಎಂದು ಹೇಳಿ ಕೂತೆ.

ಫಾರಂ ನಾನು ತುಂಬಿದೆ. ಅಪ್ಪ ಸಹಿ ಹಾಕಿದ. ಹನ್ನೊಂದು ದಿನ ಬಿಟ್ಟು ವ್ಯಾನು ಬಂತು.

ಆ ದಿನದ್ದನ್ನು ಅಪ್ಪ ನಿನಗೆ ಫೋನಿನಲ್ಲಿ ಹೇಳಿದ್ದಾನೆ, ಪೂರ್ತಿ ಹೇಳಿಲ್ಲ. ಅವರು ಬಲವಂತವಾಗಿ ಕಿತ್ತುಕೊಂಡು ಹೋದರು ಎಂದು ನೀನು ಬರೆದಿದ್ದೀ. ಹಾಗಾಗಲಿಲ್ಲ. ನಂಬರು ಹಾಕಲು ಬಂದಿದ್ದಾರೆ ಎಂದು ಅಪ್ಪ ತಿಳಿದುಕೊಂಡ. ಮೇಡಂ ಬೇರೆ ಅಂಗಡಿಯಲ್ಲಿದ್ದರು, ವ್ಯಾನಿನಲ್ಲಿ ಬಂದವರು ಇಬ್ಬರು ಕೂಲಿಯವರು. ಅವರಿಗೆ ಎಣಿಕೆ ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಇಲ್ಲೇ ಹಾಕಲ್ವಾ ಎಂದು ಕೇಳಿದ, ಇಲ್ಲ ಒಯ್ಯಬೇಕು ಅಂದರು, ಹಾಗಾದರೆ ಹುಷಾರು ಎಂದು ತಾನೇ ಪಂಚೆ ಎತ್ತಿಕಟ್ಟಿ ತೊಟ್ಟಿಗಿಳಿದ. ಒಂದೊಂದನ್ನೇ ಎತ್ತಿ ಕೊಟ್ಟ. ಇದು ಕಚ್ಚುತ್ತೆ, ಹಿಂದಿಂದ ಹಿಡೀರಿ. ಇದಕ್ಕೆ ಬಲಗಣ್ಣು ಕಾಣಲ್ಲ, ಮೇಲಿನ ಕ್ರೇಟಲ್ಲಿ ಇಡಿ. ಇವೆರಡೂ ಒಂದೇ ಮನೆಯವು, ಜೊತೇಲಿ ಹಾಕಿ. ನಲವತ್ತಮೂರಕ್ಕೂ ಹೀಗೆ ಏನಾದರೊಂದು ಹೇಳಿದ. ನಾನು ಹಿತ್ತಿಲ ಬಾಗಿಲಿನಲ್ಲಿ ನಿಂತಿದ್ದೆ. ಕೊನೆಯದನ್ನು ಕೊಟ್ಟಮೇಲೆ ತೊಟ್ಟಿ ಖಾಲಿಯಾಯಿತಲ್ಲ, ಅವು ವಾಪಸ್ಸು ಬರುವಷ್ಟರಲ್ಲಿ ತಿಕ್ಕಿಬಿಡೋಣ ಎಂದು ಪೊರಕೆ ಕೇಳಿದ. ತಂದುಕೊಟ್ಟೆ.

ಒಯ್ದವನ್ನು ಆಶ್ರಯ ಕೇಂದ್ರದಲ್ಲಿ ಇಡುತ್ತಾರೆ ಎಂದು ನಾನೇ ಕರಪತ್ರದಲ್ಲಿ ಅಚ್ಚುಹಾಕಿಸಿದ್ದೆ. ಅಂಥ ಕೇಂದ್ರ ಇದ್ದದ್ದು ನಿಜ, ಮೊದಲ ವಾರದಲ್ಲೇ ತುಂಬಿಹೋಗಿತ್ತು. ಆಮೇಲೆ ಬಂದವನ್ನೆಲ್ಲ ಹಳೆಯ ಮೀನು ಮಾರುಕಟ್ಟೆಯ ಶೀತಲ ಕೊಠಡಿಗೆ ಸಾಗಿಸಿದರು. ತಣ್ಣನೆ ರಕ್ತದ ಪ್ರಾಣಿ, ಹಾಗೇ ನಿದ್ದೆ ಹೋಗುತ್ತದೆ, ನೋವಾಗುವುದಿಲ್ಲ ಎಂದು ಸುತ್ತೋಲೆಯಲ್ಲಿ ಬರೆದಿದ್ದರಂತೆ. ಮರುದಿನ ಅಪ್ಪ ಒಣಸಿಗಡಿಯ ಡಬ್ಬ ತೆಗೆದುಕೊಂಡು, ಕೇಳಿ ಕೇಳಿ ಅಲ್ಲಿಗೆ ಹೋದ. ನಾನು ಹಿಂದೆಯೇ ಓಡಿದೆ. ಕಬ್ಬಿಣದ ಬಾಗಿಲ ಮುಂದೆ ಕಾವಲಿನವನು ಕುರ್ಚಿ ಹಾಕಿಕೊಂಡು ಕೂತಿದ್ದ. ಒಳ್ಳೆಯ ಮನುಷ್ಯ, ಎದ್ದು ನಿಂತು ಹೇಳಿದ.

"ಅವಕ್ಕೆ ಇನ್ನು ಊಟ ಬೇಡ ತಾತ. ಮನೆಗೆ ಹೋಗಿ."

ಅಪ್ಪ ಡಬ್ಬವನ್ನು ಅವನ ಕೈಗೇ ಕೊಟ್ಟು ಬಂದ. ಮನೆಗೆ ಬಂದವನು ಪೆಟ್ಟಿಗೆಯಿಂದ ಫಾರಮ್ಮಿನ ಪ್ರತಿ ತೆಗೆದು ಪ್ಲಾಸ್ಟಿಕ್ ಕವರಿಗೆ ಹಾಕಿದ. ಅಂದಿನಿಂದ ಅದು ಅವನ ಅಂಗಿಯ ಜೇಬಿನಲ್ಲಿದೆ.

ಬೆಳಿಗ್ಗೆ ಮೀನಿಗೆ ಊಟ ಹಾಕಿ ಇಲಾಖೆಯ ಕಚೇರಿಗೆ ಹೋಗುತ್ತಾನೆ, ಅವರು ಬಾಗಿಲು ಹಾಕಿದ ಮೇಲೆ ಬರುತ್ತಾನೆ. ಬಂದವರಿಗೆಲ್ಲ ಕವರು ಬಿಚ್ಚಿ ತೋರಿಸುತ್ತಾನೆ. ಇಲ್ಲಿ ನೋಡಿ, ಮನೆಯಲ್ಲಿ ಸಾಕಿದ್ದು ಅನ್ನೋದಕ್ಕೆ ಗುರುತು ಹಾಕಿದೀವಿ, ಇವರು ಸುಳ್ಳು ಹೇಳಿ ಒಯ್ದು ಕೊಂದರು. ದಾಸ್ತಾನು ಎಂದು ಬರೆದಿದೆ ಅಂತ ಗುಮಾಸ್ತ ಹೇಳಿದರೆ, ನೀವು ಕಚೇರಿಯವರು ನಿಮಗೆ ಬೇಕಾದ ಹಾಗೇ ಓದ್ತೀರಿ ಅನ್ನುತ್ತಾನೆ. ಪಕ್ಕದ ಕ್ಷೌರಿಕನಿಗೂ ತೋರಿಸಿದ. ಅವನು ಕತ್ತರಿ ಕೆಳಗಿಟ್ಟು ಓದಿದ, ಕುರ್ಚಿಯ ಹಿಂದಿನ ಕನ್ನಡಿಯಲ್ಲಿ ನನ್ನ ಮುಖ ನೋಡಿದ, ಅಕ್ಷರ ಬಹಳ ಸಣ್ಣ ಯಜಮಾನರೇ, ನನ್ನ ಕನ್ನಡಕ ಸಾಲದು ಎಂದು ವಾಪಸು ಕೊಟ್ಟ. ಈಗ ನನ್ನನ್ನು ಕಂಡರೆ ಮಾತಾಡಿಸುವುದಿಲ್ಲ.

ಮೇಡಂ ಮೇಲೆ ದೂರು ಕೊಡಬೇಕೆಂದು ಅಪ್ಪನೇ ಹಟ ಹಿಡಿದದ್ದು. ಅವನು ಹೇಳಿದ, ನಾನು ಬರೆದೆ. ಮನೆಯ ಪ್ರಾಣಿಗಳನ್ನು ಮೋಸದಿಂದ ಒಯ್ದಿದ್ದಾರೆ ಎಂಬ ವಾಕ್ಯವನ್ನು ಎರಡು ಸಲ ಬರೆಸಿದ. ದೂರಿನ ಫಲವಾಗಿ ಮೇಡಂ ಅವರನ್ನು ತಪಾಸಣೆಯ ಕೆಲಸದಿಂದ ತೆಗೆದು ಮುದ್ರೆ ಒತ್ತುವ ಮೇಜಿಗೆ ಕೂರಿಸಿದ್ದಾರೆ. ವಿಚಾರಣೆ ಇಪ್ಪತ್ತೆರಡನೇ ತಾರೀಕು, ಗುರುವಾರ. ಮೂಲ ಫಾರಂ ಉಗ್ರಾಣದಿಂದ ಬರಬೇಕಂತೆ, ಅಂದು ಎಲ್ಲರ ಮುಂದೆ ಅದನ್ನು ಓದುತ್ತಾರೆ. ಹೋದ ಶುಕ್ರವಾರ ಅಪ್ಪನಿಗೆ ಬುತ್ತಿ ಕೊಡಲು ಹೋದಾಗ ಮೇಡಂ ನನ್ನನ್ನು ಕರೆದರು. ಮುದ್ರೆಯ ಶಾಯಿ ಅವರ ಹೆಬ್ಬೆರಳಿಗೆಲ್ಲ ಹತ್ತಿತ್ತು. ನಿಮ್ಮಪ್ಪ ನೆಲದ ಮೇಲೆ ಕೂರ್ತಾರೆ, ಒಂದು ಕುರ್ಚಿ ಕೊಟ್ಟರೂ ಬೇಡ ಅಂತಾರೆ, ನೀನಾದರೂ ಹೇಳು ಅಂದರು. ನಾನು ಹೊರಡುವಾಗ ತಲೆ ಎತ್ತದೆಯೇ ಇನ್ನೊಂದು ಮಾತು ಅಂದರು.

"ವಿಚಾರಣೆಗೆ ಮುಂಚೆ ಏನಾದರೂ ಹೇಳೋದಿದ್ದರೆ ನನಗಲ್ಲ, ನಿಮ್ಮಪ್ಪನಿಗೆ ಹೇಳು."

ಇನ್ನೊಂದು ಸುದ್ದಿ. ಆಮೆ ಬೇಡವಾದವರು ಈಗಲೂ ಹಳೆಯ ರೂಢಿಯಲ್ಲಿ ನಮ್ಮ ಅಂಗಡಿಗೇ ಬರುತ್ತಾರೆ. ತೆಗೆದುಕೊಳ್ಳುವ ಹಾಗಿಲ್ಲ. ಹೋದ ವಾರ ಒಬ್ಬಾಕೆ ಬಕೆಟ್ಟು ಹಿಡಿದು ಅರ್ಧ ಗಂಟೆ ಅಂಗಲಾಚಿದಳು; ಮಗುವಿಗೆ ಕಚ್ಚಿದೆ, ಗಂಡ ಇವತ್ತೇ ಆಚೆ ಹಾಕು ಅಂತಾನೆ ಎಂದಳು. ಇಲಾಖೆಗೆ ಕೊಡಿ ಎಂದು ನಾನು ಅಂದೆ. ಅಲ್ಲಿ ಏನು ಮಾಡ್ತಾರೆ ಗೊತ್ತು ಬಿಡಮ್ಮ ಅಂದಳು. ಮರುದಿನ ಕೆರೆಯ ಮೆಟ್ಟಿಲ ಮೇಲೆ ಅದೇ ನೀಲಿ ಬಕೆಟ್ಟು ಮಗುಚಿಕೊಂಡು ಬಿದ್ದಿತ್ತು. ಮೇಷ್ಟ್ರಿಗೆ ಹೇಳಿದೆ. ಕಾಯ್ದೆ ಬೇರೂರುವಾಗ ಹೀಗೆಲ್ಲ ಆಗುತ್ತೆ ಎಂದು ಹೇಳಿ ಮುಂದಿನ ಕರಪತ್ರದ ಕರಡು ಕೊಟ್ಟರು. ಮೂವತ್ತು ವರ್ಷ ಆ ಕೆರೆಯನ್ನು ಕಾದವನು, ತನಗೂ ಗೊತ್ತಿಲ್ಲದೆ, ನಮ್ಮಪ್ಪನೇ. ಕಾಯ್ದೆ ಬರೆದವರಿಗೆ ಇಂಥ ತೊಟ್ಟಿಯೊಂದು ಇರಬಹುದು ಎಂದು ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವಳು ಅದರ ಪಕ್ಕದಲ್ಲೇ ಹುಟ್ಟಿ ಬೆಳೆದಿದ್ದಳು. ಆದರೂ ಕಾಯ್ದೆ ಬೇಡವಾಗಿತ್ತು ಅನ್ನಲು ನನಗೆ ಬಾಯಿ ಬರುವುದಿಲ್ಲ. ಆ ದಿಮ್ಮಿಯ ಮೇಲಿನ ಮೂವತ್ತೆಂಟು ತಲೆ ನನ್ನ ಕಣ್ಣಿನಿಂದ ಹೋಗಿಲ್ಲ.

ಇಪ್ಪತ್ತೊಂದಕ್ಕೆ ಬಂದೇ ಬರುತ್ತೇನೆ, ಸಾಕ್ಷಿ ಹೇಳುತ್ತೇನೆ, ಆ ಹೆಂಗಸಿನ ಕೆಲಸ ತೆಗೆಸದೆ ಬಿಡುವುದಿಲ್ಲ ಎಂದು ಬರೆದಿದ್ದೀ. ಶೆಡ್ಡಿನ ಗೆಳೆಯರಿಂದ ಸಹಿ ಸಂಗ್ರಹಿಸುತ್ತಿದ್ದೇನೆ ಅಂತಲೂ. ಆ ಸಹಿಗಳನ್ನು ತರಬೇಡ, ಅಣ್ಣ. ನೀನು ಮಾತ್ರ ಬಾ. ಅಪ್ಪ ನೀನು ಬರುವ ದಿನ ಎಣಿಸುತ್ತಿದ್ದಾನೆ. ನಾಲ್ಕು ಅಕ್ಷರ ಕಲಿತ ಮಗ ಪಕ್ಕದಲ್ಲಿ ನಿಂತರೆ ಅವರಿಗೆ ನಾಲಿಗೆ ಏಳಲ್ಲ ಎಂದು ಹೋದವರಿಗೆ ಬಂದವರಿಗೆ ಹೇಳುತ್ತಾನೆ.

ಅತ್ತಿಗೆಗೆ ನನ್ನ ನಮಸ್ಕಾರ. ಹುಟ್ಟುವ ಕೂಸಿಗೆ ಹರಸುವಷ್ಟು ದೊಡ್ಡವಳು ನಾನಲ್ಲ, ಆದರೂ ಸೋದರತ್ತೆಯ ಹಕ್ಕಿನಿಂದ ಹರಸುತ್ತೇನೆ: ಅದು ನೂರು ವರ್ಷ ಬಾಳಲಿ, ಅದರ ಮನೆಯಲ್ಲಿ ಅದನ್ನು ನಂಬಿದವರಿಗೆ ಕೇಡಾಗದಿರಲಿ.

ನಿನ್ನ ತಂಗಿ,
ಕರಪತ್ರ

ಮರೆತ ಮಾತು ಎಂದು ಕೆಳಗೆ ಬರೆಯುವುದು ವಾಡಿಕೆ. ಇದು ಮರೆತದ್ದಲ್ಲ. ನಾಲ್ಕು ಹಾಳೆ ಬರೆದರೂ ಮೇಲೆ ಬರೆಯಲು ಆಗಲಿಲ್ಲ.

ಗುಮಾಸ್ತ ಓದಿದ್ದು ಸರಿ. ಗುರುತು ಇರುವುದು ಕೆಳಗಿನ ಚೌಕದಲ್ಲಿ. ನಾನೇ ಹಾಕಿದೆ. ಒಂದೇ ಬಾಗಿಲು, ಒಂದೇ ಪರವಾನಗಿ, ಆದ್ದರಿಂದ ಹಿತ್ತಿಲಿನದೂ ದಾಸ್ತಾನೇ ಎಂದು ನಿಯಮದ ಪುಸ್ತಕ ನೋಡಿ ನನಗೆ ನಾನೇ ಹೇಳಿಕೊಂಡೆ. ಅವು ಆಶ್ರಯ ಕೇಂದ್ರದಲ್ಲಿ ಬದುಕುತ್ತವೆ ಎಂದೂ ಹೇಳಿಕೊಂಡೆ. ಒಂದನ್ನೂ ಅಪ್ಪ ಮತ್ತೆ ಮಾರಿಲ್ಲ ಎಂದು ಗೊತ್ತಿದ್ದೂ ಹಾಕಿದೆ. ಹಾಕುವಾಗ ನನ್ನ ಕಣ್ಣಮುಂದೆ ಇದ್ದದ್ದು ಆಮೆಯೂ ಅಲ್ಲ, ಅಪ್ಪನೂ ಅಲ್ಲ. ಸಭೆಯಲ್ಲಿ ನಕ್ಕವರು.

ಅಷ್ಟೇ ಆಗಿದ್ದರೆ ಅಪ್ಪನ ಮುಂದೆ ನಿಂತು ವಾದ ಮಾಡುತ್ತಿದ್ದೆ. ಸಹಿ ಹಾಕುವ ಮುಂಚೆ ಅವನು, ಒಂದು ಸಲ ಓದಿ ಹೇಳು ಅಂದ. ಮನೆಯಲ್ಲಿ ಸಾಕಿದ್ದು ಎಂದು ಓದಿದೆ. ಗುರುತು ಎಲ್ಲಿದೆ ತೋರಿಸು ಅಂದ. ಅವನ ಬೆರಳು ಹಿಡಿದು ನಾನು ಹಾಕಿದ ಗುರುತಿನ ಮೇಲೆ ಇಟ್ಟು, ಇದೇ ಮನೆ ಅಂದೆ. ಬೆರಳನ್ನು ಅಲ್ಲೇ ಇಟ್ಟುಕೊಂಡು, "ನೀನು ಓದಿದ್ದು ಇವತ್ತು ಸಾರ್ಥಕ ಆಯ್ತು ಮಗಳೇ" ಎಂದ. ದಿನಾ ಕಚೇರಿಯಲ್ಲಿ ಅವನು ಬೆರಳಿಟ್ಟು ತೋರಿಸುತ್ತಿರುವುದು ಆ ಜಾಗವನ್ನೇ.

ಇಪ್ಪತ್ತೊಂದಕ್ಕೆ ನೀನು ಚೀಲ ಕೆಳಗಿಡುವ ಮೊದಲೇ ಅವನು ಕವರು ಬಿಚ್ಚಿ ಕಾಗದವನ್ನು ನಿನ್ನ ಕೈಗೆ ಕೊಡುತ್ತಾನೆ. ಅಷ್ಟರೊಳಗೆ ನಾನೇ ಹೇಳಿರುತ್ತೇನೆ ಎಂದುಕೊಂಡಿದ್ದೇನೆ. ಇವತ್ತು ಬೆಳಿಗ್ಗೆಯೂ ಹಾಗೇ ಎಂದುಕೊಂಡಿದ್ದೆ. ಅಪ್ಪ ಹೊರಡುವ ಮುಂಚೆ ಎದುರು ಕೂತು, ಇನ್ನೊಂದು ಸಲ ಓದು, ಕಿವಿಗೆ ಬಿದ್ದರೆ ಧೈರ್ಯ ಬರುತ್ತೆ ಅಂದ. ಓದಿದೆ. ಮನೆಯಲ್ಲಿ ಸಾಕಿದ್ದು ಎಂದೇ ಓದಿದೆ.